ಶಂಶೇರ್ ಖಾನ್ ಆದ ಜೇಮ್ಸ್: ಸೆರೆಯಲ್ಲಿ ನಂಬಿಕೆ ಉಳಿಯುವುದು ಹೇಗೆ?

ಕಳೆದ ತಿಂಗಳು ದ್ವಿತೀಯ ಪಿಯುಸಿ ಕಲಾ ವಿಭಾಗದಲ್ಲಿ ಆಂಗ್ಲೋ-ಮೈಸೂರು ಯುದ್ಧಗಳ ಪಾಠ ಮುಗಿಸಿ ಹಾಜರಿ ಪುಸ್ತಕ ಮುಚ್ಚುತ್ತಿದ್ದೆ. ಒಬ್ಬ ವಿದ್ಯಾರ್ಥಿನಿ ಎದ್ದು ನಿಂತಳು. ಅವಳ ಮನೆಯವರು ಮಂಗಳೂರು ಕಡೆಯ ಕೊಂಕಣಿ ಕ್ರೈಸ್ತರು, ಈಗ ನಮ್ಮ ಕಮ್ಮನಹಳ್ಳಿಯಲ್ಲೇ ಇದ್ದಾರೆ. "ಸರ್, ಟಿಪ್ಪು ಕಾಲದಲ್ಲಿ ನಮ್ಮ ಊರಿನವರನ್ನು ಸೆರೆ ಹಿಡಿದು ಶ್ರೀರಂಗಪಟ್ಟಣಕ್ಕೆ ನಡೆಸಿಕೊಂಡು ಹೋದರು ಅಂತ ಅಜ್ಜಿ ಹೇಳ್ತಾರೆ. ಅದು ನಿಜಾನಾ?" ಎಂದು ಕೇಳಿದಳು. ಹಿಂದಿನ ಬೆಂಚಿನಿಂದ ಒಬ್ಬ ಹುಡುಗ, "ಸರ್, ಅದೆಲ್ಲ ಬ್ರಿಟಿಷರು ಕಟ್ಟಿದ ಕಥೆ" ಎಂದ. ಗಂಟೆ ಹೊಡೆಯಿತು. ಇಬ್ಬರೂ ನನ್ನ ಮುಖ ನೋಡುತ್ತಿದ್ದರು. "ಮುಂದಿನ ಕ್ಲಾಸಿನಲ್ಲಿ ಹೇಳುತ್ತೇನೆ" ಎಂದು ತಪ್ಪಿಸಿಕೊಂಡೆ.

ತಪ್ಪಿಸಿಕೊಂಡದ್ದು ಸರಿಯಲ್ಲ ಎಂದು ಅವತ್ತೇ ಅನ್ನಿಸಿತು. ಮುಸ್ಲಿಂ ಆಡಳಿತ ಮಂಡಳಿಯ ಕಾಲೇಜಿನಲ್ಲಿ, ಮುಸ್ಲಿಂ ಉಪನ್ಯಾಸಕನೊಬ್ಬ ಈ ಪ್ರಶ್ನೆಗೆ ನೇರವಾಗಿ ಉತ್ತರ ಕೊಡದಿದ್ದರೆ ಆ ಹುಡುಗಿಗೆ ಏನು ಅರ್ಥವಾಗುತ್ತದೆ? ಹಿಂದಿನ ಬೆಂಚಿನ ಹುಡುಗನಿಗೆ ಏನು ಅರ್ಥವಾಗುತ್ತದೆ? ಆದ್ದರಿಂದ ನಮ್ಮ ವಾರ್ತಾಪತ್ರದಲ್ಲಿ ಸ್ವಲ್ಪ ಜಾಗ ಕೇಳಿಕೊಂಡು ಈ ಲೇಖನ ಬರೆಯುತ್ತಿದ್ದೇನೆ. ಇದಕ್ಕೆ ಒಂದು ಹಳೆಯ ಪುಸ್ತಕವನ್ನು ಆಧಾರವಾಗಿ ಇಟ್ಟುಕೊಂಡಿದ್ದೇನೆ. ಶ್ರೀರಂಗಪಟ್ಟಣದಲ್ಲಿ ಸುಮಾರು ಹತ್ತು ವರ್ಷ ಸೆರೆಯಲ್ಲಿದ್ದ ಜೇಮ್ಸ್ ಸ್ಕರಿ ಎಂಬ ಇಂಗ್ಲಿಷ್ ಹುಡುಗನ ಆತ್ಮಕಥನ ಅದು.

ನಿಮ್ಮ ವಯಸ್ಸಿನ ಒಬ್ಬ ಸೆರೆಯಾಳು

ಸ್ಕರಿ ಹುಟ್ಟಿದ್ದು 1766ರಲ್ಲಿ, ಇಂಗ್ಲೆಂಡಿನಲ್ಲಿ. ಚಿಕ್ಕಂದಿನಲ್ಲೇ ಹಡಗಿನ ಕೆಲಸಕ್ಕೆ ಸೇರಿದವನು. 1782ರ ಜನವರಿಯಲ್ಲಿ ಅವನಿದ್ದ 'ಹ್ಯಾನಿಬಲ್' ಎಂಬ ಯುದ್ಧನೌಕೆಯನ್ನು ಫ್ರೆಂಚರು ಹಿಡಿದರು. ಆಗ ಫ್ರೆಂಚರಿಗೂ ಹೈದರ್ ಅಲಿಗೂ ಸ್ನೇಹ, ಇಬ್ಬರಿಗೂ ಇಂಗ್ಲಿಷರು ಶತ್ರು. ಫ್ರೆಂಚ್ ನೌಕಾ ಸೇನಾಪತಿ ಸಫ್ರೆನ್ ತನ್ನ ಕೈದಿಗಳನ್ನು ಕಡಲೂರಿನಲ್ಲಿ ಹೈದರನಿಗೆ ಒಪ್ಪಿಸಿಬಿಟ್ಟ. ಯುರೋಪಿನ ಯುದ್ಧದಲ್ಲಿ ಸಿಕ್ಕ ಕೈದಿಗಳು ಹೀಗೆ ಮೈಸೂರಿನ ಕೈದಿಗಳಾದರು. ಇದಕ್ಕಾಗಿ ಸಫ್ರೆನ್‌ನನ್ನು ಯುರೋಪಿನಲ್ಲೇ ಹಲವರು ಟೀಕಿಸಿದರು.

ಅಲ್ಲಿಂದ ಅವರನ್ನು ಬೆಂಗಳೂರಿನ ದಾರಿಯಾಗಿ ಶ್ರೀರಂಗಪಟ್ಟಣಕ್ಕೆ ನಡೆಸಿದರು. ಸ್ಕರಿಗೆ ಆಗ ಹದಿನಾರರ ಆಸುಪಾಸು, ಅಂದರೆ ನಿಮ್ಮದೇ ವಯಸ್ಸು. ಅಲ್ಲಿ ಕೈದಿಗಳಲ್ಲಿ ಚಿಕ್ಕವರಾದ ಸುಮಾರು ಐವತ್ತು ಹುಡುಗರನ್ನು ಬೇರೆ ಮಾಡಿದರು. ತಲೆ ಬೋಳಿಸಿದರು, ಬಲವಂತವಾಗಿ ಸುನ್ನತ್ ಮಾಡಿಸಿದರು, ಹೊಸ ಹೆಸರು ಕೊಟ್ಟರು. ಸ್ಕರಿಗೆ ಸಿಕ್ಕ ಹೆಸರು ಶಂಶೇರ್ ಖಾನ್. ಅವರನ್ನು 'ಚೇಲಾ' ದಳಕ್ಕೆ ಸೇರಿಸಿ ಕವಾಯತು ಮಾಡಿಸಿದರು.

ಚೇಲಾ ಎಂದರೆ ಶಿಷ್ಯ. ಗುಲಾಮ ಎಂಬ ಮಾತನ್ನು ಮೆತ್ತಗೆ ಮಾಡಲು ಅಕ್ಬರನ ಕಾಲದಿಂದಲೇ ಈ ಶಬ್ದ ಬಳಕೆಯಲ್ಲಿತ್ತು. ಹೈದರನು ಯುದ್ಧದಲ್ಲಿ ಸೆರೆಸಿಕ್ಕ ಹುಡುಗರನ್ನು ಹೀಗೆ ಸೈನಿಕರನ್ನಾಗಿ ಬೆಳೆಸುತ್ತಿದ್ದ. 1779ರಲ್ಲಿ ಮದಕರಿ ನಾಯಕನ ಚಿತ್ರದುರ್ಗ ಬಿದ್ದ ಮೇಲೆ ಅಲ್ಲಿಯ ಬೇಡರ ಹುಡುಗರೂ ಚೇಲಾಗಳಾದರು, ಮಲಬಾರಿನ ನಾಯರ್ ಹುಡುಗರೂ ಆದರು. ಇದರ ಹಿಂದಿನ ಲೆಕ್ಕ ಸರಳ. ಊರು, ಮನೆ, ಜಾತಿ, ಹೆಸರು, ದೇವರು ಎಲ್ಲವನ್ನೂ ಕಳೆದುಕೊಂಡ ಹುಡುಗನಿಗೆ ಒಡೆಯನ ಹೊರತು ಬೇರೆ ದಿಕ್ಕಿರುವುದಿಲ್ಲ, ಅಂಥವನು ದಂಗೆ ಏಳುವುದಿಲ್ಲ ಎಂಬ ಲೆಕ್ಕ. ತುರ್ಕಿಯ ಉಸ್ಮಾನಿ ಸುಲ್ತಾನರ ಜಾನಿಸ್ಸರಿ ಸೈನ್ಯದಲ್ಲೂ ಇದೇ ಲೆಕ್ಕವಿತ್ತು. ಇಲ್ಲಿ ಧರ್ಮವನ್ನು ಬಳಸಿಕೊಂಡದ್ದು ರಾಜ್ಯದ ಸೈನ್ಯಕ್ಕಾಗಿ. ಅದನ್ನು ಧರ್ಮದ ಸೇವೆ ಎಂದು ಕರೆಯುವುದು ನನಗೆ ಸರಿ ಕಾಣುವುದಿಲ್ಲ.

1782ರ ಡಿಸೆಂಬರಿನಲ್ಲಿ ಹೈದರ್ ತೀರಿಕೊಂಡ. 1784ರ ಮಾರ್ಚಿನಲ್ಲಿ ಟಿಪ್ಪುವಿಗೂ ಇಂಗ್ಲಿಷರಿಗೂ ಮಂಗಳೂರು ಒಪ್ಪಂದವಾಯಿತು. ಎರಡೂ ಕಡೆಯ ಕೈದಿಗಳ ಬಿಡುಗಡೆ ಅದರ ಒಂದು ಷರತ್ತು. ಮುಂದೆ 1799ರಲ್ಲಿ ಶ್ರೀರಂಗಪಟ್ಟಣದ ಕೋಟೆಗೆ ಲಗ್ಗೆ ಹಾಕಿದ ಡೇವಿಡ್ ಬೇರ್ಡ್ ಬಿಡುಗಡೆಯಾದದ್ದೂ ಆಗಲೇ. ಆದರೆ ಚೇಲಾಗಳಾದ ಹುಡುಗರು ಬಿಡುಗಡೆಯ ಪಟ್ಟಿಯಲ್ಲಿ ಬರಲಿಲ್ಲ. ಅವರು ಈಗ ಕೈದಿಗಳಲ್ಲ, ನಮ್ಮವರು ಎಂಬುದು ಆಸ್ಥಾನದ ಲೆಕ್ಕ. ಜೊತೆಯ ಕೈದಿಗಳು ಹೊರಟುಹೋದಾಗ ಸ್ಕರಿ ಮತ್ತು ಅವನ ಗೆಳೆಯರು ಅಲ್ಲೇ ಉಳಿದರು. ಹೊಸ ಹೆಸರೇ ಅವರಿಗೆ ಬೇಡಿಯಾಯಿತು.

ಹೊರಗೆ ಒಪ್ಪಿ ಒಳಗೆ ಉಳಿದದ್ದು

ಇಂಥ ಸ್ಥಿತಿಯಲ್ಲಿ ಒಬ್ಬ ಹುಡುಗ ತನ್ನ ನಂಬಿಕೆಯನ್ನು ಹೇಗೆ ಉಳಿಸಿಕೊಳ್ಳುತ್ತಾನೆ? ಸ್ಕರಿ ವೀರನಂತೆ ಎದೆಯೊಡ್ಡಿ ಸಾಯಲಿಲ್ಲ. ಕೊಟ್ಟ ಬಟ್ಟೆ ತೊಟ್ಟ, ಕೊಟ್ಟ ಹೆಸರಿಗೆ ಓಗೊಟ್ಟ, ಹೇಳಿದ ಕವಾಯತು ಮಾಡಿದ. ಒಳಗೆ ತಾನು ಕ್ರೈಸ್ತನೇ, ದೇವರು ತನ್ನನ್ನು ಕಾಪಾಡುತ್ತಿದ್ದಾನೆ ಎಂಬ ಭರವಸೆಯನ್ನು ಬಿಡಲಿಲ್ಲ. ಅವನಂತೆಯೇ ಚೇಲಾ ಆಗಿ, ತಪ್ಪಿಸಿಕೊಂಡು, 1793ರಲ್ಲಿ ಲಂಡನ್ನಿನಲ್ಲಿ ತನ್ನ ಕಥೆ ಅಚ್ಚು ಹಾಕಿಸಿದ ಜೇಮ್ಸ್ ಬ್ರಿಸ್ಟೋ ಎಂಬ ಸೈನಿಕನ ದಾರಿಯೂ ಹೆಚ್ಚುಕಡಿಮೆ ಇದೇ.

ಇದನ್ನು ಹೇಡಿತನ ಎನ್ನಬೇಕೆ? ಈ ಪ್ರಶ್ನೆಗೆ ನಮ್ಮ ದೀನ್‌ನಲ್ಲೇ ಉತ್ತರವಿದೆ, ಅದನ್ನು ನಾವು ಚಿಕ್ಕಂದಿನಿಂದ ಕೇಳಿದ್ದೇವೆ. ಮಕ್ಕಾದಲ್ಲಿ ಇಸ್ಲಾಮಿನ ಆರಂಭದ ದಿನಗಳಲ್ಲಿ ಹ. ಅಮ್ಮಾರ್ ಬಿನ್ ಯಾಸಿರ್(ರ) ಅವರ ಕುಟುಂಬವನ್ನು ಕುರೈಶರು ಹಿಂಸಿಸಿದರು. ತಾಯಿ ಹ. ಸುಮಯ್ಯಾ(ರ) ಪ್ರಾಣ ಕೊಟ್ಟರು, ಇಸ್ಲಾಮಿನ ಮೊದಲ ಹುತಾತ್ಮೆ ಅವರೇ. ಅಮ್ಮಾರ್ ಹಿಂಸೆ ತಾಳಲಾರದೆ ಹಿಂಸಿಸುವವರು ಹೇಳಿಸಿದ್ದನ್ನು ಬಾಯಲ್ಲಿ ಹೇಳಿಬಿಟ್ಟರು. ಆಮೇಲೆ ಅಳುತ್ತಾ ಪ್ರವಾದಿ ಮುಹಮ್ಮದ್(ಸ) ಅವರ ಬಳಿ ಬಂದರು. ಪ್ರವಾದಿ(ಸ) ಬೈಯಲಿಲ್ಲ. ನಿನ್ನ ಹೃದಯ ಹೇಗಿದೆ ಎಂದು ಕೇಳಿದರು. ಈಮಾನ್‌ನಲ್ಲಿ ನೆಲೆಯಾಗಿದೆ ಎಂದು ಅಮ್ಮಾರ್ ಹೇಳಿದಾಗ ಅವರನ್ನು ಸಮಾಧಾನಪಡಿಸಿದರು. ಅನ್ನಹ್ಲ್ ಅಧ್ಯಾಯದ 106ನೇ ಸೂಕ್ತ ಇದೇ ಸಂದರ್ಭಕ್ಕೆ ಸೇರಿದ್ದೆಂದು ವ್ಯಾಖ್ಯಾನಕಾರರು ಹೇಳುತ್ತಾರೆ. ಹೃದಯ ಈಮಾನ್‌ನಲ್ಲಿ ನೆಮ್ಮದಿಯಾಗಿರುವಾಗ ಬಲವಂತಕ್ಕೆ ಸಿಕ್ಕವನನ್ನು ಅದು ಅಪರಾಧಿಗಳ ಸಾಲಿನಿಂದ ಹೊರಗಿಡುತ್ತದೆ.

ಶತಮಾನಗಳ ನಂತರ ಸ್ಪೇನಿನ ಮುಸ್ಲಿಮರಿಗೂ ಇದೇ ಕಷ್ಟ ಬಂತು. ಗ್ರಾನಡಾ 1492ರಲ್ಲಿ ಬಿದ್ದ ಮೇಲೆ ಅವರನ್ನು ಬಲವಂತವಾಗಿ ಕ್ರೈಸ್ತರನ್ನಾಗಿ ಮಾಡಿದರು. 1504ರಲ್ಲಿ ಉತ್ತರ ಆಫ್ರಿಕಾದ ಓರಾನ್ ಹೆಸರಿನೊಂದಿಗೆ ಗುರುತಿಸಲಾಗುವ ಮುಫ್ತಿಯೊಬ್ಬರು ಅವರಿಗೆ ಫತ್ವಾ ಬರೆದುಕೊಟ್ಟರು. ಜೀವ ಉಳಿಸಿಕೊಳ್ಳಲು ಹೊರಗಿನ ಆಚರಣೆಗೆ ತಲೆಬಾಗಬಹುದು, ನಮಾಝನ್ನು ಸನ್ನೆಯಲ್ಲಾದರೂ ಮಾಡಿ, ಮನಸ್ಸಿನಲ್ಲಿ ಅಲ್ಲಾಹನನ್ನು ಹಿಡಿದುಕೊಳ್ಳಿ ಎಂಬುದು ಅದರ ಸಾರ.

ಈಗ ಯೋಚಿಸಿ. ಅಮ್ಮಾರ್(ರ) ಅವರಿಗೆ, ಸ್ಪೇನಿನ ಮುಸ್ಲಿಮರಿಗೆ ನಾವು ಕೊಡುವ ಮರ್ಯಾದೆಯನ್ನು ಶ್ರೀರಂಗಪಟ್ಟಣದ ಕ್ರೈಸ್ತ ಹುಡುಗನಿಗೆ ಕೊಡದೆ ಇರಲು ಆಗುತ್ತದೆಯೇ? ಅಲ್-ಬಕರಾ ಅಧ್ಯಾಯದ 256ನೇ ಸೂಕ್ತ ಧರ್ಮದ ವಿಷಯದಲ್ಲಿ ಬಲಾತ್ಕಾರವನ್ನು ನಿರಾಕರಿಸುತ್ತದೆ. ಹನ್ಬಲಿ ವಿದ್ವಾಂಸ ಇಬ್ನ್ ಕುದಾಮಾ (ನಿಧನ 1223) ಅವರಂಥ ಫಿಕ್ಹ್ ಪಂಡಿತರು, ಬಲವಂತ ಮಾಡಬಾರದವನಿಗೆ ಬಲವಂತ ಮಾಡಿ ಇಸ್ಲಾಂ ಸ್ವೀಕರಿಸುವಂತೆ ಮಾಡಿದರೆ ಆ ಸ್ವೀಕಾರಕ್ಕೆ ಬೆಲೆಯಿಲ್ಲ ಎಂದು ಬರೆದಿದ್ದಾರೆ. ಆ ಅಳತೆಯಲ್ಲಿ ಸ್ಕರಿ ಒಂದು ದಿನವೂ ಶಂಶೇರ್ ಖಾನ್ ಆಗಿರಲಿಲ್ಲ.

ಇಂಥ ಪುಸ್ತಕವನ್ನು ಓದುವುದು ಹೇಗೆ?

"ಬ್ರಿಟಿಷರು ಕಟ್ಟಿದ ಕಥೆ" ಎಂದ ಹುಡುಗನ ಮಾತಿನಲ್ಲಿ ಹುರುಳಿಲ್ಲ ಎಂದು ನಾನು ಹೇಳುವುದಿಲ್ಲ. ಇತಿಹಾಸದ ವಿದ್ಯಾರ್ಥಿ ಯಾವುದೇ ಆಧಾರವನ್ನು ಹಿಡಿದಾಗ ಮೂರು ಪ್ರಶ್ನೆ ಕೇಳಬೇಕು. ಬರೆದದ್ದು ಯಾವಾಗ? ಯಾರಿಗಾಗಿ? ಬೇರೆ ಸಾಕ್ಷಿ ಏನು ಹೇಳುತ್ತದೆ?

ಯಾವಾಗ: ಸ್ಕರಿಯ ಪುಸ್ತಕ ಅಚ್ಚಾದದ್ದು 1824ರಲ್ಲಿ, ಅವನು ತೀರಿಕೊಂಡ ಮೇಲೆ. ಘಟನೆ ನಡೆದು ಮೂವತ್ತು ವರ್ಷ ದಾಟಿತ್ತು. ನೆನಪು ಅಷ್ಟು ಕಾಲದಲ್ಲಿ ಮಸುಕಾಗುತ್ತದೆ, ಸಂಖ್ಯೆಗಳು ಬೆಳೆಯುತ್ತವೆ.

ಯಾರಿಗಾಗಿ: ಅದನ್ನು ಓದಿದವರು ಇಂಗ್ಲೆಂಡಿನ ಜನ. ಟಿಪ್ಪುವನ್ನು ಕೊಂದು ಮೈಸೂರನ್ನು ಗೆದ್ದದ್ದು ನ್ಯಾಯವೇ ಎಂದು ನಂಬಲು ಅವರಿಗೆ ಕ್ರೂರ ಸುಲ್ತಾನನ ಕಥೆ ಬೇಕಿತ್ತು. ಇನ್ನೊಂದು ಕಾರಣವೂ ಇದೆ. ಹತ್ತು ವರ್ಷ ಮುಸ್ಲಿಂ ಹೆಸರಿನಲ್ಲಿ, ಶತ್ರುವಿನ ಸೈನ್ಯದಲ್ಲಿ ಬದುಕಿ ಬಂದವನನ್ನು ಸ್ವಂತ ಜನರೇ ಅನುಮಾನದಿಂದ ನೋಡುತ್ತಿದ್ದರು. ಇವನು ಸ್ವಇಚ್ಛೆಯಿಂದ ಮತ ಬಿಟ್ಟವನೋ ಎಂಬ ಅನುಮಾನ ಅದು. ಹಾಗಾಗಿ ತಾನು ಪೂರ್ತಿ ಬಲವಂತಕ್ಕೆ ಸಿಕ್ಕಿದ್ದೆ, ಒಳಗೆ ಎಂದೂ ಬದಲಾಗಿರಲಿಲ್ಲ ಎಂದು ಅವನು ಮತ್ತೆ ಮತ್ತೆ ಹೇಳಬೇಕಾಯಿತು. ಸೆರೆಯಿಂದ ಬಂದ ಮೇಲೂ ಅವನು ಕಟಕಟೆಯಲ್ಲೇ ನಿಂತಿದ್ದ ಎನ್ನಬಹುದು.

ಬೇರೆ ಸಾಕ್ಷಿ: ಇಲ್ಲಿ ನಾವು ಪ್ರಾಮಾಣಿಕರಾಗಿರಬೇಕು. ಸೆರೆಯಾಳುಗಳನ್ನು ಮತಾಂತರಿಸಿ ದಳಗಳಿಗೆ ಸೇರಿಸಿದ ವಿಷಯ ಇಂಗ್ಲಿಷರ ಪುಸ್ತಕಗಳಲ್ಲಿ ಮಾತ್ರ ಇಲ್ಲ. ಮೈಸೂರಿನ ಆಸ್ಥಾನವನ್ನು ಹತ್ತಿರದಿಂದ ಬಲ್ಲ ಮೀರ್ ಹುಸೇನ್ ಅಲಿ ಕಿರ್ಮಾನಿಯವರ ಪಾರಸಿ ಇತಿಹಾಸದಲ್ಲಿ ಕೊಡಗಿನ ಸೆರೆಯಾಳುಗಳ ವಿಷಯ ಬರುತ್ತದೆ, ಅವರು ಅದನ್ನು ಹೊಗಳಿಕೆಯ ಧಾಟಿಯಲ್ಲೇ ಬರೆದಿದ್ದಾರೆ. ಟಿಪ್ಪುವಿನ ಪಾರಸಿ ಪತ್ರಗಳ ಒಂದು ಸಂಗ್ರಹವನ್ನು ವಿಲಿಯಂ ಕರ್ಕ್‌ಪ್ಯಾಟ್ರಿಕ್ 1811ರಲ್ಲಿ ಇಂಗ್ಲಿಷಿಗೆ ತಂದ. ಅನುವಾದಕನ ಟಿಪ್ಪಣಿಗಳಲ್ಲಿ ದ್ವೇಷವಿದೆ ನಿಜ, ಆದರೆ ಸೆರೆಸಿಕ್ಕವರನ್ನು 'ಅಹ್ಮದಿ' ದಳಗಳಿಗೆ ಸೇರಿಸುವ ಮಾತು ಪತ್ರಗಳಲ್ಲೇ ಇದೆ.

ನಮ್ಮ ವಿದ್ಯಾರ್ಥಿನಿಯ ಅಜ್ಜಿ ಹೇಳಿದ್ದೂ ನಡೆದ ಸಂಗತಿಯೇ. 1784ರಲ್ಲಿ ಕೆನರಾದ ಕ್ರೈಸ್ತರು ಇಂಗ್ಲಿಷರಿಗೆ ಸಹಾಯ ಮಾಡಿದರು ಎಂಬ ಆರೋಪದ ಮೇಲೆ ಟಿಪ್ಪು ಅವರನ್ನು ಸೆರೆ ಹಿಡಿಸಿ ಘಟ್ಟ ಹತ್ತಿಸಿ ಶ್ರೀರಂಗಪಟ್ಟಣಕ್ಕೆ ಕಳುಹಿಸಿದ. ಎಷ್ಟು ಜನ ಎಂಬ ಲೆಕ್ಕ ಪುಸ್ತಕದಿಂದ ಪುಸ್ತಕಕ್ಕೆ 30,000ದಿಂದ 80,000ದವರೆಗೆ ಬದಲಾಗುತ್ತದೆ. ದಾರಿಯಲ್ಲೂ ಸೆರೆಯಲ್ಲೂ ಬಹಳ ಜನ ಸತ್ತರು. ಉಳಿದವರು ಊರಿಗೆ ಮರಳಿದ್ದು 1799ರ ಮೇ 4ರಂದು ಟಿಪ್ಪು ಯುದ್ಧದಲ್ಲಿ ಮಡಿದ ಮೇಲೆ. ಕೆಲವರು ಇಂಗ್ಲಿಷರಿಗೆ ಸಹಾಯ ಮಾಡಿದ್ದಿರಬಹುದು. ಹೆಂಗಸರು, ಮಕ್ಕಳು, ಮುದುಕರು ಎಲ್ಲರನ್ನೂ ಸೇರಿಸಿ ಒಂದು ಸಮುದಾಯಕ್ಕೇ ಶಿಕ್ಷೆ ಕೊಟ್ಟದ್ದು ಅನ್ಯಾಯ. ಒಂದು ಇಡೀ ಸಮುದಾಯವನ್ನು ಅನುಮಾನಿಸುವುದು ಎಂದರೇನು ಎಂಬುದು ನಮಗಿಂತ ಚೆನ್ನಾಗಿ ಯಾರಿಗೆ ಗೊತ್ತು?

ಅದೇ ಟಿಪ್ಪು 1791ರಲ್ಲಿ ಮರಾಠಾ ಸೈನ್ಯದವರು ಶೃಂಗೇರಿ ಮಠವನ್ನು ಲೂಟಿ ಮಾಡಿದಾಗ ಸ್ವಾಮಿಗಳಿಗೆ ಕನ್ನಡದಲ್ಲಿ ಗೌರವದ ಪತ್ರ ಬರೆದ, ಮತ್ತೆ ಪ್ರತಿಷ್ಠೆ ಮಾಡಲು ಹಣ ಕಳುಹಿಸಿದ. ಆ ಪತ್ರಗಳನ್ನು 1916ರಲ್ಲಿ ಮೈಸೂರು ಪುರಾತತ್ವ ಇಲಾಖೆಯ ಆರ್. ನರಸಿಂಹಾಚಾರ್ಯರು ಬೆಳಕಿಗೆ ತಂದರು. ಅವನ ಆಡಳಿತ ನಡೆಸಿದವರು ಪೂರ್ಣಯ್ಯ. ಅರಮನೆಯ ಹತ್ತಿರವೇ ರಂಗನಾಥಸ್ವಾಮಿಯ ದೇವಸ್ಥಾನದಲ್ಲಿ ಪೂಜೆ ನಡೆಯುತ್ತಿತ್ತು. ಒಂದನ್ನು ಹೇಳಿ ಇನ್ನೊಂದನ್ನು ಮುಚ್ಚಿಡುವವರು ಎರಡೂ ಕಡೆ ಇದ್ದಾರೆ. ಎರಡನ್ನೂ ಒಟ್ಟಿಗೆ ಹೇಳುವುದು ನಮ್ಮ ಕೆಲಸ. ಶೃಂಗೇರಿಯ ಪತ್ರ ತೋರಿಸಿ ಮಂಗಳೂರಿನ ಸೆರೆಯನ್ನು ಅಳಿಸಲು ಬರುವುದಿಲ್ಲ. ಮಂಗಳೂರಿನ ಸೆರೆ ತೋರಿಸಿ ಇಂಗ್ಲಿಷರೊಡನೆ ಕಾದಾಡುತ್ತ ಪ್ರಾಣ ಬಿಟ್ಟದ್ದನ್ನು ಅಳಿಸಲೂ ಬರುವುದಿಲ್ಲ.

ಸಮುದ್ರದಾಚೆಯ ಇನ್ನೊಂದು ಸೆರೆ

ಸ್ಕರಿ ಹುಟ್ಟಿದ ನಾಲ್ಕೈದು ವರ್ಷಕ್ಕೆ, 1770ರ ಸುಮಾರಿಗೆ, ಪಶ್ಚಿಮ ಆಫ್ರಿಕಾದ ಫೂಟಾ ತೋರೋ ಎಂಬಲ್ಲಿ, ಈಗಿನ ಸೆನೆಗಲ್ ಪ್ರದೇಶದಲ್ಲಿ, ಉಮರ್ ಬಿನ್ ಸಈದ್ ಹುಟ್ಟಿದರು. ಇಪ್ಪತ್ತೈದು ವರ್ಷ ದೀನಿ ವಿದ್ಯೆ ಕಲಿತ ಆಲಿಮ್. 1807ರಲ್ಲಿ ಅವರ ಊರಿನ ಮೇಲೆ ಸೈನ್ಯವೊಂದು ದಾಳಿ ಮಾಡಿ ಅನೇಕರನ್ನು ಕೊಂದು ಅವರನ್ನು ಸೆರೆ ಹಿಡಿಯಿತು. ಹಡಗಿನಲ್ಲಿ ಅಮೆರಿಕದ ಚಾರ್ಲ್‌ಸ್ಟನ್‌ಗೆ ತಂದು ಮಾರಿದರು. ಕ್ರೂರ ಒಡೆಯನಿಂದ ತಪ್ಪಿಸಿಕೊಂಡು ಓಡಿದರು, ಮತ್ತೆ ಸಿಕ್ಕಿಬಿದ್ದರು. ಜೈಲಿನ ಗೋಡೆಯ ಮೇಲೆ ಇದ್ದಿಲಿನಿಂದ ಅರಬಿಯಲ್ಲಿ ಬರೆದರಂತೆ, ಅದನ್ನು ನೋಡಲು ಜನ ಸೇರಿದರಂತೆ.

ಆಮೇಲೆ ಇನ್ನೊಬ್ಬ ಒಡೆಯ ಅವರನ್ನು ಕೊಂಡುಕೊಂಡ. ಅವರಿಗೆ ಚರ್ಚಿನಲ್ಲಿ ಸ್ನಾನದೀಕ್ಷೆಯಾಯಿತು. 1831ರಲ್ಲಿ ಅವರು ಅರಬಿಯಲ್ಲಿ ತಮ್ಮ ಚಿಕ್ಕ ಆತ್ಮಕಥೆ ಬರೆದರು. ಅದನ್ನು ಆರಂಭಿಸಿದ್ದು ಅಲ್-ಮುಲ್ಕ್ ಅಧ್ಯಾಯದಿಂದ, ಅದೂ ನೆನಪಿನಿಂದ. ಒಡೆತನವೆಲ್ಲ ಅಲ್ಲಾಹನದು ಎಂದು ಸಾರುವ ಅಧ್ಯಾಯವದು. ಮನುಷ್ಯನೊಬ್ಬ ತನ್ನ ಒಡೆಯ ಎಂದುಕೊಂಡಿರುವ ಮನೆಯಲ್ಲಿ ಕುಳಿತು, ಆ ಒಡೆಯನಿಗೆ ಓದಲು ಬಾರದ ಲಿಪಿಯಲ್ಲಿ ಅದನ್ನು ಬರೆದರು. ಮೊದಲು ತಾನು ಫಾತಿಹಾ ಓದಿ ಪ್ರಾರ್ಥಿಸುತ್ತಿದ್ದೆ, ಈಗ ಕ್ರೈಸ್ತರ ಪ್ರಾರ್ಥನೆ ಹೇಳುತ್ತೇನೆ ಎಂದು ಬರೆದು, ಎರಡನ್ನೂ ಅದರಲ್ಲಿ ಸೇರಿಸಿದ್ದಾರೆ. ಅವರ ಹೃದಯ ಯಾವ ಕಡೆ ಇತ್ತು ಎಂದು ವಿದ್ವಾಂಸರು ಇವತ್ತಿಗೂ ಚರ್ಚಿಸುತ್ತಾರೆ. ಅದನ್ನು ಬಲ್ಲವನು ಅಲ್ಲಾಹನೊಬ್ಬನೇ. ಉಮರ್ ಗುಲಾಮರಾಗಿಯೇ ತೀರಿಕೊಂಡರು. ಅಮೆರಿಕದಲ್ಲಿ ಗುಲಾಮಗಿರಿ ರದ್ದಾದ 1865ನೇ ಇಸವಿಯನ್ನು ಅವರು ನೋಡಲಿಲ್ಲ. ಅವರ ಹಸ್ತಪ್ರತಿ ಈಗ ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್‌ನಲ್ಲಿದೆ.

ಸ್ಕರಿಯ ಪುಸ್ತಕ ಬಂದ ಮೇಲೂ ಇಂಗ್ಲಿಷರ ಕಂಪನಿಯ ಆಡಳಿತದಲ್ಲಿ ಭಾರತದೊಳಗೆ ಗುಲಾಮಗಿರಿ ಮುಂದುವರಿದಿತ್ತು. ಅದಕ್ಕೆ ಕಾನೂನಿನ ಬೆಂಬಲ ತಪ್ಪಿದ್ದು 1843ರ ಕಾಯ್ದೆಯಿಂದ. ಸೆರೆ ಹಿಡಿದವರ ಕೈಯಲ್ಲಿ ಒಮ್ಮೆ ನಮ್ಮ ಬಾವುಟವಿತ್ತು, ಒಮ್ಮೆ ಅವರ ಬಾವುಟವಿತ್ತು. ಸೆರೆಯಾದವನ ಕಷ್ಟ ಎರಡು ಕಡೆಯೂ ಒಂದೇ. ಸ್ಕರಿಯ ಪುಟ ಓದುವಾಗ ಪಕ್ಕದಲ್ಲಿ ಉಮರ್ ಅವರನ್ನು ಕೂರಿಸಿಕೊಳ್ಳಿ, ಉಮರ್ ಅವರನ್ನು ಓದುವಾಗ ಸ್ಕರಿಯನ್ನು ಕೂರಿಸಿಕೊಳ್ಳಿ. ಆಗ ಕೋಪವೂ ಕರುಣೆಯೂ ಒಂದೇ ತಕ್ಕಡಿಯಲ್ಲಿ ತೂಗುತ್ತವೆ.

ಬದುಕಿ ಬಂದವನು, ಬಾರದೆ ಉಳಿದವಳು

ಮೂರನೇ ಮೈಸೂರು ಯುದ್ಧದ ಗಲಿಬಿಲಿಯಲ್ಲಿ, ಚಿತ್ರದುರ್ಗದ ಕಡೆ ಇದ್ದಾಗ, ಸ್ಕರಿ ಕೆಲವು ಗೆಳೆಯರೊಡನೆ ತಪ್ಪಿಸಿಕೊಂಡು ಮರಾಠರ ಪಾಳೆಯದ ಮೂಲಕ ಇಂಗ್ಲಿಷರನ್ನು ಸೇರಿದ. ಆಗ ಅವನಿಗೆ ಕುರ್ಚಿಯ ಮೇಲೆ ಕೂರುವುದು ಮರೆತುಹೋಗಿತ್ತು, ಚಾಕು-ಫೋರ್ಕಿನಲ್ಲಿ ಊಟ ಮಾಡಲು ಬರುತ್ತಿರಲಿಲ್ಲ. ಇಂಗ್ಲಿಷ್ ತಡವರಿಸುತ್ತಿತ್ತು, ಇಂಗ್ಲಿಷರ ಬಟ್ಟೆ ಮೈಗೆ ಒಗ್ಗುತ್ತಿರಲಿಲ್ಲ, ಬಣ್ಣವೂ ಕಂದಿತ್ತು. ಮಾತು, ಊಟ, ಉಡುಪು ಎಲ್ಲವೂ ಬದಲಾಗಿದ್ದರೂ ಅವನು ಉಳಿಸಿಕೊಂಡು ಬಂದದ್ದು ನಂಬಿಕೆಯೊಂದನ್ನೇ. ನಂಬಿಕೆ ಎಂದರೆ ಬಟ್ಟೆ, ಭಾಷೆ, ತಿಂಡಿ ಎಂದುಕೊಂಡಿರುವ ನಮಗೆ ಇದರಲ್ಲಿ ಪಾಠವಿದೆ.

ಆದರೆ ನನ್ನನ್ನು ಹೆಚ್ಚು ಕಾಡಿದ್ದು ಬೇರೊಂದು ವಿಷಯ. ಶ್ರೀರಂಗಪಟ್ಟಣದಲ್ಲಿ ಈ ಚೇಲಾಗಳಿಗೆ ಮದುವೆ ಮಾಡಿಸಿದ್ದರು. ವಧುಗಳು ಯಾರು? ಯುದ್ಧದಲ್ಲಿ ಅರ್ಕಾಟಿನ ಕಡೆಯಿಂದ ಸೆರೆ ಹಿಡಿದು ತಂದಿದ್ದ ಹುಡುಗಿಯರು. ಸ್ಕರಿಗೂ ಹಾಗೆ ಒಂದು ಸಂಸಾರವಾಯಿತು. ತಪ್ಪಿಸಿಕೊಂಡು ಹೋಗುವಾಗ ಅದನ್ನು ಬಿಟ್ಟು ಹೋದ. ಅವಳೂ ಸೆರೆಯಾಳು, ಅವಳಿಗೂ ತಾಯಿತಂದೆ ಇದ್ದರು, ದೇವರಿದ್ದ. ಎರಡು ಸಲ ಎಲ್ಲವನ್ನೂ ಕಳೆದುಕೊಂಡವಳು ಅವಳು. ಅವಳು ಪುಸ್ತಕ ಬರೆಯಲಿಲ್ಲ. ಲಂಡನ್ನಿನಲ್ಲಿ ಅವಳ ಕಥೆಗೆ ಗಿರಾಕಿಗಳಿರಲಿಲ್ಲ, ಇಲ್ಲಿ ಅವಳ ಲೆಕ್ಕ ಬರೆದಿಟ್ಟವರಿಲ್ಲ. ಅವಳ ಈಮಾನ್ ಹೇಗೆ ಉಳಿಯಿತು ಎಂದು ಕೇಳಿದವರೂ ಇಲ್ಲ. ಆತ್ಮಕಥೆಗಳನ್ನು ಓದುವಾಗ ಬರೆದವನ ಜೊತೆಗೆ, ಬರೆಯಲು ಅವಕಾಶ ಸಿಗದೆ ಉಳಿದವರನ್ನೂ ಹುಡುಕಬೇಕು.

ಪವಿತ್ರ ಕುರ್‌ಆನ್ ಸೆರೆಯಾಳಿಗೆ ಉಣ್ಣಲು ಕೊಡುವವರನ್ನು ಹೊಗಳುತ್ತದೆ (76:8), ಗುಲಾಮರ ಬಿಡುಗಡೆಯನ್ನು ಝಕಾತ್ ಸಲ್ಲಬೇಕಾದ ಬಾಬುಗಳಲ್ಲಿ ಸೇರಿಸುತ್ತದೆ (9:60). ಹ. ಬಿಲಾಲ್(ರ) ಗುಲಾಮರಾಗಿದ್ದಾಗ ಕಾದ ಮರಳಿನ ಮೇಲೆ ಮಲಗಿ ಹೇಳಿದ ಸತ್ಯವೇ ಮುಂದೆ ಅಝಾನ್ ಆಗಿ ಕೇಳಿಸಿತು. ಸೆರೆಯಲ್ಲಿದ್ದವರ ಪರ ನಿಲ್ಲುವುದು ನಮ್ಮ ಪರಂಪರೆ. ಸೆರೆ ಹಿಡಿದವನು ನಮ್ಮವನು ಎಂಬ ಕಾರಣಕ್ಕೆ ಅದನ್ನು ಬದಲಿಸಲಾಗದು.

ಮುಂದಿನ ಕ್ಲಾಸಿನಲ್ಲಿ ಆ ವಿದ್ಯಾರ್ಥಿನಿಗೆ ನಾನು ಹೇಳಿದ್ದು ಇಷ್ಟು: "ನಿಮ್ಮ ಅಜ್ಜಿ ಹೇಳಿದ್ದು ನಿಜ ಕಣಮ್ಮ. ಸಂಖ್ಯೆಗಳ ಬಗ್ಗೆ ಚರ್ಚೆ ಇದೆ, ನೋವಿನ ಬಗ್ಗೆ ಇಲ್ಲ." ತರಗತಿ ಸುಮ್ಮನಾಯಿತು. ಹಿಂದಿನ ಬೆಂಚಿನ ಹುಡುಗ ಸ್ವಲ್ಪ ಹೊತ್ತು ತಲೆ ತಗ್ಗಿಸಿ ಕೂತಿದ್ದು, ಆಮೇಲೆ, "ಸರ್, ಹಾಗಾದರೆ ಟಿಪ್ಪು ಜಯಂತಿಗೆ ಭಾಷಣದಲ್ಲಿ ಏನು ಹೇಳಲಿ?" ಎಂದು ಕೇಳಿದ. ಒಳ್ಳೆಯ ಪ್ರಶ್ನೆ. "ಎರಡನ್ನೂ ಹೇಳು. ಕೇಳುವವರಲ್ಲಿ ಅವಳೂ ಇರುತ್ತಾಳೆ ಅಂತ ನೆನಪಿಟ್ಟುಕೊಂಡು ಹೇಳು" ಎಂದೆ.

ಈ ಅವಧಿ ಮುಗಿಯುವ ಮೊದಲು ಒಂದು ಭಾನುವಾರ ಆಸಕ್ತರನ್ನು ಕೆ.ಆರ್. ಮಾರ್ಕೆಟ್ ಹತ್ತಿರದ ಬೆಂಗಳೂರು ಕೋಟೆಗೆ ಕರೆದುಕೊಂಡು ಹೋಗಬೇಕೆಂದಿದ್ದೇನೆ. 1791ರ ಮಾರ್ಚ್ 21ರ ರಾತ್ರಿ ಕಾರ್ನ್‌ವಾಲಿಸ್‌ನ ಸೈನ್ಯ ಗೋಡೆ ಒಡೆದು ನುಗ್ಗಿದ ಜಾಗದಲ್ಲಿ ಒಂದು ಫಲಕವಿದೆ. ಗೆದ್ದವರು ತಮ್ಮ ನೆನಪಿಗೆ ಕಲ್ಲು ನೆಟ್ಟಿದ್ದಾರೆ. ಆ ದಾರಿಯಲ್ಲಿ ಬೇಡಿ ತೊಟ್ಟು ನಡೆದುಹೋದ ಹುಡುಗರಿಗೆ, ಹುಡುಗಿಯರಿಗೆ ಅಲ್ಲಿ ಕಲ್ಲಿಲ್ಲ. ಬರುವವರು ಹೆಸರು ಕೊಡಿ. ನಮ್ಮ ವಿದ್ಯಾರ್ಥಿನಿ ಮೊದಲ ಹೆಸರು ಕೊಟ್ಟಿದ್ದಾಳೆ, ಎರಡನೆಯದು ಹಿಂದಿನ ಬೆಂಚಿನಿಂದ ಬಂದಿದೆ.